ಆಷಾಢದ ಆಲ್ಬಂ

ಪುರೋಹಿತರು ಬೆಳ್ಳಗಾಗಿಬಿಟ್ಟಿದ್ದರು. ಅದೂ ಅರ್ಧ ಮುಖ ಮಾತ್ರ. ಮುಂದಿನ ಫೋಟೋದಲ್ಲಿ ಅದೇ ಬಿಳಿ ಮಚ್ಚೆ ಒಂದು ಕೊಡಪಾನದ ಮೇಲೆ ಕೂತಿತ್ತು. ಅದರ ಮುಂದಿನದರಲ್ಲಿ ಯಾರದೋ ಬೋಳುತಲೆಯ ಮೇಲೆ.

“ಧ್ರುವ ಸಾರ್, ಈ ಫೋಲ್ಡರ್ ಮುಟ್ಟಿದ್ದು ಯಾರು?” ರಾಗಿಣಿ ಕೇಳಿದಳು.

ಧ್ರುವ ಕ್ಯಾಮೆರಾ ಒರೆಸುತ್ತಿದ್ದ. ಮಾರೇನಹಳ್ಳಿಯ ಈ ಸ್ಟುಡಿಯೋ ಅವನದು. ಮದುವೆ ಫೋಟೋ ತೆಗೆಯುವುದು ಅವನು, ಕಂಪ್ಯೂಟರಿನಲ್ಲಿ ತಿದ್ದುವುದು ರಾಗಿಣಿ. ಅವಳ ಕೆಲಸಕ್ಕೆ ಅವನು ಕೈ ಹಾಕಿದ್ದು ಇದೇ ಮೊದಲು.

“ನಾನೇ. ಒಂದು ಫೋಟೋದಲ್ಲಿ ಹುಡುಗಿ ಮುಖದಷ್ಟು ಜಾಗಕ್ಕೆ ಮಾಸ್ಕ್ ಬಳಿದು, ಅಷ್ಟನ್ನೇ ಬೆಳ್ಳಗೆ ಮಾಡಿ, ಅದನ್ನೇ ಎಲ್ಲಾ ಫೋಟೋಗೂ ಪೇಸ್ಟ್ ಮಾಡ್ದೆ.”

“ಕೈಯಲ್ಲಿ ಬಳಿದ ಮಾಸ್ಕ್ ಇದ್ದ ಜಾಗದಲ್ಲೇ ಇರತ್ತೆ ಸಾರ್. ಹುಡುಗಿ ಹಿಂದೆ ಓಡಲ್ಲ. ನಿಮಗ್ಯಾಕೆ ಬೇಕಿತ್ತು ಇದೆಲ್ಲ?”

ಅವನು ಲೆನ್ಸಿನ ಮೇಲೆ ಇಲ್ಲದ ಧೂಳನ್ನು ಊದಿದ. “ಹುಡುಗನ ಅಮ್ಮ ಫೋನ್ ಮಾಡಿದ್ರು, ಅನಂತಲಕ್ಷ್ಮಿ ಅವರು. ನೆಂಟರಿಗೆಲ್ಲ ತೋರಿಸೋ ಆಲ್ಬಂ, ಹುಡುಗಿ ಸ್ವಲ್ಪ ಬೆಳ್ಳಗೆ ಕಾಣ್ಲಿ ಅಂದ್ರು. ಅವಳು ಆಷಾಢಕ್ಕೆ ತವರಿಗೆ ಹೋಗಿದಾಳಲ್ಲ, ವಾಪಸ್ ಬರೋದ್ರೊಳಗೆ ಮುಗಿಸಿಬಿಡಿ, ಅವಳಿಗೆ ಗೊತ್ತಾಗೋದು ಬೇಡ ಅಂದ್ರು.”

ರಾಗಿಣಿ ನಕ್ಕಳು. ಸುಸ್ತಾದವರು ನಗುವ ಹಾಗೆ.

“ನೋಡು, ನಿನಗೆ ಆಗಲ್ಲ ಅಂದ್ರೆ ಹೊರಗಡೆ ಯಾರಿಗಾದ್ರೂ ಕೊಡ್ತೀನಿ.”

“ಬೇಡ, ನಾನೇ ಮಾಡ್ತೀನಿ.”

“ಎರಡನೇ ಮಗನ ಮದುವೇನೂ ನಮಗೇ ಅಂದಿದಾರೆ. ಅದು ಹೋದ್ರೆ ಹೋಗ್ಲಿ. ಈಗ್ಲೇ ಅವರನ್ನ ಎದುರು ಹಾಕ್ಕೊಂಡ್ರೆ ಮುಂದೆ ನಿನಗೇ ಕಷ್ಟ ಅಂತ ಹೇಳಿದೆ ಅಷ್ಟೆ.”

“ಗೊತ್ತು ಸಾರ್.”

ಆಷಾಢದಲ್ಲಿ ಮುಹೂರ್ತಗಳಿಲ್ಲ. ಹಾಗಂತ ಸ್ಟುಡಿಯೋದವರು ಕಾಲು ಚಾಚಿ ಮಲಗಿರುತ್ತಾರೆ ಅಂದುಕೊಂಡರೆ ತಪ್ಪು. ಬೇಸಿಗೆಯ ಮದುವೆಗಳೆಲ್ಲ ಫೋಲ್ಡರುಗಳಾಗಿ ಸಾಲುಗಟ್ಟಿ ಕೂತಿರುತ್ತವೆ. ಕೆಂಗೇರಿ ಉಪನಗರದಿಂದ ಬೆಳಿಗ್ಗೆ ಬಂದು ಕೂತರೆ ರಾಗಿಣಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ಕತ್ತು ನೋವು, ಕಣ್ಣುರಿ. ಈ ಕುರ್ಚಿಯಲ್ಲಿ ಕೂತು ಅವಳು ಎಷ್ಟು ಹುಡುಗಿಯರನ್ನು ಬೆಳ್ಳಗೆ ಮಾಡಿದ್ದಾಳೋ! ಹೆತ್ತವರೇ ಕೇಳುತ್ತಾರೆ, ಎಷ್ಟೋ ಸಲ ಹುಡುಗಿಯರೇ ಕೇಳುತ್ತಾರೆ. ಕೇಳಿದ್ದನ್ನು ಮಾಡಿಕೊಟ್ಟು ಮುಂದಿನ ಫೋಲ್ಡರ್ ತೆರೆಯುವುದು ಅವಳ ಪಾಡು. ಆದರೆ ಹುಡುಗಿಗೆ ತಿಳಿಯದ ಹಾಗೆ ಮಾಡಿ ಎಂದವರು ಇವರೊಬ್ಬರೇ. ನಾಳೆ ಆಲ್ಬಂ ತೆರೆದರೆ ಗಂಡನ ಪಕ್ಕದಲ್ಲಿ ಇನ್ಯಾರೋ ಕೂತಿರುತ್ತಾಳೆ. ಬಂದ ನೆಂಟರೆಲ್ಲ ಒಮ್ಮೆ ಆಲ್ಬಂ ನೋಡಿ, ಒಮ್ಮೆ ಸೊಸೆಯನ್ನು ನೋಡುತ್ತಾರೆ. ಆ ಇನ್ನೊಬ್ಬಳ ಜೊತೆ ಹೋಲಿಸಿಕೊಂಡೇ ಆ ಮನೆಯಲ್ಲಿ ಬದುಕಬೇಕು.

ಗಾಜಿನ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು ರಾಗಿಣಿ ಕೆಲಸ ಶುರು ಮಾಡಿದಳು. ಧ್ರುವನ ಮಚ್ಚೆಗಳನ್ನು ಅಳಿಸಿದಳು. ಆರತಕ್ಷತೆಯ ಒಂದು ಫೋಟೋದಲ್ಲಿ ಹುಡುಗಿಯ ಮುಖ, ಕತ್ತು, ಕೈಗಳನ್ನು ಸಾಫ್ಟ್‌ವೇರ್ ತಾನೇ ಗುರುತು ಹಿಡಿಯುವಂಥ ಮಾಸ್ಕ್ ಮಾಡಿದಳು. ಬೆಳಕು ಏರಿಸಿದಳು. ಕಣ್ಣ ಕೆಳಗಿನ ಕಪ್ಪು ತೆಗೆದಳು. ಮದುವೆಯ ಹಿಂದಿನ ವಾರದವರೆಗೂ ದುಡಿದ ಮುಖ ಅದು. ಎಷ್ಟು ಪೌಡರ್ ಮೆತ್ತಿದರೂ ಆಯಾಸ ಮುಚ್ಚಿರಲಿಲ್ಲ. ಆಮೇಲೆ ಉಳಿದ ಫೋಟೋಗಳನ್ನೆಲ್ಲ ಆರಿಸಿ ಪೇಸ್ಟ್ ಒತ್ತಿದಳು. ಒಂದೊಂದರಲ್ಲೂ ಹುಡುಗಿಯನ್ನು ಹುಡುಕಿ ಹುಡುಕಿ ಸಾಫ್ಟ್‌ವೇರ್ ಬೆಳ್ಳಗೆ ಮಾಡುತ್ತಾ ಹೋಯಿತು.

ಧಾರೆಯ ಫೋಟೋದಲ್ಲಿ ಎಡವಟ್ಟಾಯಿತು.

ಅದರಲ್ಲಿ ಮುಖಗಳಿಲ್ಲ, ಬರೀ ಕೈಗಳು. ಕೆಳಗೆ ಹುಡುಗನ ಕೈ, ಅದರ ಮೇಲೆ ಹುಡುಗಿಯ ಕೈ, ಎರಡನ್ನೂ ಹಿಡಿದ ಅವಳ ಅಪ್ಪನ ಕೈ. ಮೇಲಿನಿಂದ ಹಾಲು ಬೀಳುತ್ತಿತ್ತು. ಮುಖ ಕಾಣದೆ ಸಾಫ್ಟ್‌ವೇರಿಗೆ ಗುರುತು ಸಿಕ್ಕಿರಲಿಲ್ಲ. ಅಪ್ಪ ಮಗಳು ಇಬ್ಬರ ಕೈಯನ್ನೂ ಬೆಳ್ಳಗೆ ಮಾಡಿಬಿಟ್ಟಿತ್ತು. ಅದರದೇನು ತಪ್ಪು? ಇಬ್ಬರದೂ ಒಂದೇ ಬಣ್ಣ, ಉದ್ದನೆಯ ಬೆರಳುಗಳೂ ಹಾಗೇ. ರಾಗಿಣಿ ಅಪ್ಪನ ಕೈಯ ಮೇಲಿನ ಮಾಸ್ಕನ್ನು ಮಾತ್ರ ಒರೆಸಿದಳು. ಆ ಕೈ ಮತ್ತೆ ಕಪ್ಪಾಯಿತು, ಮಗಳದು ಬೆಳ್ಳಗೇ ಉಳಿಯಿತು. ಯಾರ ಮಗಳನ್ನೋ ಯಾರೋ ಧಾರೆ ಎರೆದುಕೊಟ್ಟ ಹಾಗಿತ್ತು.

ರಾಗಿಣಿಗೆ ಸಿಟ್ಟು ಬಂತು. ಅದರ ಹಿಂದೆಯೇ ಅಳುವೂ ಬಂತು. ಎಲ್ಲ ಫೋಟೋಗಳನ್ನೂ ಒಟ್ಟಿಗೆ ಆರಿಸಿ ಮಾಸ್ಕನ್ನು ಕಿತ್ತುಹಾಕಿದಳು. ಕಣ್ಣ ಕೆಳಗಿನ ಕಪ್ಪೂ ವಾಪಸ್ ಬಂತು. ಬರಲಿ ಎಂದುಕೊಂಡಳು.

ಧ್ರುವ ಯಾರದೋ ಪಾಸ್‌ಪೋರ್ಟ್ ಫೋಟೋ ತೆಗೆಯಲು ಒಳಗೆ ಹೋಗಿದ್ದ. ಮೇಜಿನ ಮೇಲೆ ಅವನ ಮೊಬೈಲ್ ಹೊಡೆದುಕೊಳ್ಳತೊಡಗಿತು. ಅನಂತಲಕ್ಷ್ಮಿ ಎಂಬ ಹೆಸರು ಕಾಣಿಸಿತು. ರಾಗಿಣಿ ಸ್ವಲ್ಪ ಹೊತ್ತು ಅದನ್ನೇ ನೋಡಿ, ಕಣ್ಣೊರೆಸಿಕೊಂಡು, ಎತ್ತಿಕೊಂಡಳು. ಅವಳು ಹಲೋ ಎನ್ನುವವರೆಗೂ ಆ ಕಡೆಯವರು ಕಾಯಲಿಲ್ಲ.

“ಧ್ರುವ ಅವರೇ, ನಮ್ಮ ಹುಡುಗಿ ಬೆಳ್ಳಗಾದ್ಲಾ? ಅವಳ ಮುಂದೆ ಮಾತ್ರ ಬಾಯಿ ಬಿಡ್ಬೇಡಿ, ನೊಂದ್ಕೋತಾಳೆ.”

“ಅತ್ತೆ, ನಾನು. ತವರಿಂದ್ಲೇ ಕೆಲಸಕ್ಕೆ ಬಂದಿದೀನಿ,” ಎಂದಳು ರಾಗಿಣಿ. “ಇಲ್ಲ, ಬೆಳ್ಳಗಾಗ್ಲಿಲ್ಲ.”