ಪರೀಕ್ಷೆಯಾದ ಮಂಚ

ಹಸುಗೂಸು ಮಗಳಿಗೆ ಮಂಚ ಕೊಳ್ಳಲು ಅವನು ಊರಿನ ಅಂಗಡಿಗಳನ್ನೆಲ್ಲ ಅಲೆದ. ಕಂಬಿಗಳ ನಡುವೆ ತಲೆ ಸಿಕ್ಕಿಕೊಂಡೀತೇ ಎಂದು ಟೇಪು ಹಿಡಿದು ಅಳೆದ. ಬಣ್ಣದಲ್ಲಿ ವಿಷವಿರಬಹುದೇ ಎಂದು ಮೂಸಿದ. ಹಾಸಿಗೆ ಗಟ್ಟಿಯಿದೆಯೇ ಎಂದು ಅಂಗೈ ಊರಿ ಒತ್ತಿದ. ಕೊನೆಗೆ ಒಂದನ್ನು ಒಪ್ಪಿ ಮನೆಗೆ ತಂದು, ಯಾರನ್ನೂ ಹತ್ತಿರ ಬಿಡದೆ ತಾನೇ ಜೋಡಿಸಿದ.

ನಾಮಕರಣದ ದಿನ ಅವನ ಅಕ್ಕ, ಮಗುವಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿಸುವ ಗುಂಡುಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಕುಲಾವಿ ತೊಡಿಸಿ ಎತ್ತಿಕೊಂಡು ಬಂದಳು.

"ಕಲ್ಲು ಬೇಡ ಅಕ್ಕ. ಇದು ತೊಟ್ಟಿಲಲ್ಲ, ಪರೀಕ್ಷೆ ಮಾಡಿ ತಂದಿರೋ ಮಂಚ."

"ಇರ್ಲಿ ಬಿಡೋ, ಶಾಸ್ತ್ರಕ್ಕೆ ಒಂದು ನಿಮಿಷ."

"ಹಾಸಿಗೆ ತಗ್ಗು ಬೀಳುತ್ತೆ."

"ನಿನ್ನ ಮಗಳಿಗಿಂತ ಹಗುರ ಇದೆ ಕಣೋ ಇದು. ಅಮ್ಮ ನಿನಗೂ ಮುಂಚೆ ಕಲ್ಲನ್ನೇ ಮಲಗಿಸಿದ್ಲು. ಆಮೇಲೆ ಯಾವುದನ್ನ ಎತ್ತಿಕೊಂಡ್ಲೋ, ನನಗಿನ್ನೂ ಅನುಮಾನ."

ನೆರೆದಿದ್ದ ಹೆಂಗಸರು ನಕ್ಕರು. ಅಕ್ಕ ಕಲ್ಲನ್ನು ಮೆಲ್ಲಗೆ ಮಲಗಿಸಿ ಕೈ ತೆಗೆದಳು.

ಲಟಕ್ಕನೆ ಸದ್ದಾಯಿತು. ಮಂಚದ ತಳದ ಹಲಗೆ ಕಳಚಿತು. ಹಾಸಿಗೆ ಒಂದು ಕಡೆ ವಾಲಿ, ಕಲ್ಲು ಉರುಳಿ ಬಿದ್ದು ನೆಲದ ಟೈಲ್ಸ್ ಬಿರುಕುಬಿಟ್ಟಿತು. ಮಗುವನ್ನೆತ್ತಿಕೊಂಡು ಪಕ್ಕದಲ್ಲೇ ಕಾದಿದ್ದ ಹೆಂಡತಿ ಅದನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

ಅವನು ಮುರಿದ ಮಂಚವನ್ನೇ ನೋಡುತ್ತ ನಿಂತಿದ್ದು, ಅಕ್ಕನ ಕಡೆ ತಿರುಗಿ ಕೂಗಿದ:

"ನೋಡಿದ್ಯಾ? ಸುಮ್ನೆ ಮೊದಲೇ ಮಗೂನ ಮಲಗಿಸಿದ್ದಿದ್ರೆ ಹೀಗಾಗ್ತಿತ್ತಾ?"