ಐದೆಸಳಿನ ಹೂ

"ಕೈಲೇ ಬರದೇನಿ ಅಂತ ಇನ್ನೊಮ್ಮೆ ಹೇಳಬ್ಯಾಡ್ರಿ," ಎಂದ ಪ್ರತಾಪ, ಅಬೀದಾ ಬರೆದ ಹಾಳೆಯನ್ನು ಮೇಜಿನ ಮೇಲೆ ಬಿಸಾಕಿದ. "ಇದು ಎಐ ಮಾಡಿದ ಚಿತ್ರ. ಕುರುಡನಿಗೂ ಗೊತ್ತಾಗತದ."

ಅಬೀದಾಳಿಗೆ ಮೈಯೆಲ್ಲ ಉರಿಯಿತು. ಹನ್ನೊಂದು ದಿನ ಬಗ್ಗಿ ಕೂತು ಕುತ್ತಿಗೆ ಹಿಡಿದುಕೊಂಡಿತ್ತು. ಉಗುರಿನ ಸಂದಿಯ ಹಸಿರು ಬಣ್ಣ ಇನ್ನೂ ಹೋಗಿರಲಿಲ್ಲ. ತೋರಿಸಿದರೆ ಅದಕ್ಕೂ ಏನಾದರೊಂದು ಕೊಂಕು ತೆಗೆದಾನು ಈ ಮನುಷ್ಯ.

ಧಾರವಾಡದ ಆ ವಾಚನಾಲಯಕ್ಕೆ ನೂರು ವರ್ಷ ತುಂಬುತ್ತಿತ್ತು. ಬಾಗಿಲ ಮೇಲೆ 'ವಾಚನಾಲಯ' ಎಂದು ಹಳೆಯ ಕಾಲದ ಅಚ್ಚಿನ ಚಿತ್ರಾಕ್ಷರಗಳಲ್ಲಿ ಬರೆಸಲು ಸಮಿತಿ ಸ್ಪರ್ಧೆ ಇಟ್ಟಿತ್ತು. ಷರತ್ತು ಒಂದೇ: ಕೈಯಿಂದಲೇ ಬರೆದಿರಬೇಕು. ಮಾದರಿಗೆಂದು, ಮೊದಲ ವರ್ಷದ ಪುಸ್ತಕಪಟ್ಟಿಯ ಮುಖಪುಟವನ್ನು ಪ್ರತಾಪನೇ ಎಲ್ಲಿಂದಲೋ ಹುಡುಕಿ ತಂದಿದ್ದ. ಹೂಬಳ್ಳಿ, ಗಿಳಿ ಸುತ್ತಿಕೊಂಡ ಒಂದು ದೊಡ್ಡ 'ವಾ'. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಅವನದು ಜಾಹೀರಾತಿನ ಅಂಗಡಿ. ಪುಟ ಸಿಕ್ಕ ಸಂತೋಷಕ್ಕೆ ಸಮಿತಿ ಅವನಿಗೆ ಶಾಲು ಹೊದಿಸಿ, ತೀರ್ಪುಗಾರನ ಕುರ್ಚಿಯನ್ನೂ ಕೊಟ್ಟಿತ್ತು.

ಅಬೀದಾ ಹುಬ್ಬಳ್ಳಿಯದೇ ದುರ್ಗದಬೈಲಿನಲ್ಲಿ ಬೋರ್ಡು ಬರೆಯುವವಳು. ಕುಂಚ ಅಪ್ಪ ಮೌಲಾಲಿಯಿಂದ ಬಂದದ್ದು. ಫ್ಲೆಕ್ಸ್ ಬಂದ ಮೇಲೆ ಅಂಗಡಿಗಳ ಹೆಸರೆಲ್ಲ ಕೈಬಿಟ್ಟು ಹೋಗಿ, ಶಾಲಾ ಬಸ್ಸುಗಳ ನಂಬರು ಉಳಿದಿತ್ತು. ಈ ಬಾಗಿಲೊಂದು ಸಿಕ್ಕರೆ ಜನ ತನ್ನ ಕೆಲಸವನ್ನು ಮತ್ತೆ ತಲೆಯೆತ್ತಿ ನೋಡಿಯಾರು ಎಂದು ಆಸೆಪಟ್ಟಿದ್ದಳು. ಈಗ ಬಾಗಿಲು ಹಾಗಿರಲಿ, ಮೋಸಗಾತಿ ಎಂಬ ಹೆಸರು ಹೊತ್ತು ಹುಬ್ಬಳ್ಳಿಯ ಬಸ್ಸು ಹತ್ತುವ ಹಾಗಿತ್ತು.

"ನಿಮ್ಮ ಫೋನ್ ತೋರಸ್ರಿ," ಎಂದ ಪ್ರತಾಪ.

ತೋರಿಸಿದಳು. ಅಲ್ಲೇ ಸಿಕ್ಕಿಬಿದ್ದಳು. ಹೇಳಿದ್ದನ್ನು ಚಿತ್ರ ಮಾಡಿಕೊಡುವ ಎಐ ಆ್ಯಪ್ ಒಂದರಲ್ಲಿ ನಲವತ್ತಮೂರು ಚಿತ್ರಗಳಿದ್ದವು. ಎಲ್ಲದರಲ್ಲೂ ಬಳ್ಳಿ, ಎಲ್ಲದರಲ್ಲೂ ಅಕ್ಷರ.

ಸಮಿತಿಯ ಅಧ್ಯಕ್ಷೆ ನಿರುಪಮಾ ಕನ್ನಡಕ ಏರಿಸಿಕೊಂಡರು. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳ ಸುಳ್ಳು ಹಿಡಿದವರು. "ಇದೇನವಾ ಅಬೀದಾ?"

"ಮೊದಲ ಅದರಾಗ ಮಾಡಿ ನೋಡಿದ್ದು ಖರೇರಿ ಅಕ್ಕಾರ. ಒಂದು ಅಂದಾಜು ಸಿಗತದ, ಕೆಲಸ ಲಗೂ ಆಗತದ ಅಂದ್ಕೊಂಡೆ. ಗಿಳಿ ಕೇಳಿದ್ರ ನವಿಲು ಕೊಡತದ. 'ವಾ' ಅಂದ್ರ ಜಿಲೇಬಿ ಸುತ್ತತದ. ಎರಡು ದಿನ ಅದರ ಕೂಡ ಜಗಳಾಡಿ ತಲಿ ಕೆಟ್ಟುಹೋತು. ಆಮ್ಯಾಲೆ ಕುಂಚ ಹಿಡದೇನಿ."

"ಸಿಕ್ಕಮ್ಯಾಲೆ ಎಲ್ಲಾರೂ ಹಿಂಗ ಹೇಳತಾರ," ಎಂದು ನಕ್ಕ ಪ್ರತಾಪ, ಕೆಂಪು ಪೆನ್ನು ತೆಗೆದು ಅವಳ 'ವಾ' ಮೇಲೆ ಮೂರು ಸುತ್ತು ಹಾಕಿದ. ಕೇಳದೆ, ಹೇಳದೆ, ಅವಳ ಹನ್ನೊಂದು ದಿನದ ಮೇಲೆ. ಅಬೀದಾಳಿಗೆ ಅಳು ಬಂತು. ಇವನೆದುರು ಅಳುವುದಿಲ್ಲ ಎಂದು ಹಲ್ಲು ಕಚ್ಚಿ ನಿಂತಳು.

"ನೋಡ್ರಿ ಮೇಡಂ. ಎಲ್ಲಾ ಹೂವಿಗೂ ಆರು ಎಸಳು, ಇದೊಂದಕ್ಕ ಐದು. ಈ ಬಳ್ಳಿ ಅಕ್ಷರದ ಹಿಂದ ಹೋತು, ಆ ಕಡಿಂದ ಹೊರಗ ಬರಲೇ ಇಲ್ಲ. ಗಿಳಿಗೆ ನೋಡ್ರಿ, ಮೂರು ಕಾಲು. ಮನುಷ್ಯಾನ ಕೈ ಇಂಥಾ ತಪ್ಪು ಮಾಡೂದಿಲ್ಲ. ಯಂತ್ರನ ಮಾಡಬೇಕು."

"ಭಾಳ ಛಲೋ ಗುರುತು ಹಿಡೀತೀರಿ," ಎಂದರು ನಿರುಪಮಾ.

"ಅಂಗಡ್ಯಾಗ ದಿನಾ ಎಐ ಕೂಡನ ಕೆಲಸ ಅಲ್ರಿ."

ಆ ಮೂರನೆಯ ಕಾಲು ಬರೆಯುವಾಗ ಅಬೀದಾಳ ಕೈ ಒಂದು ಗಳಿಗೆ ನಿಂತದ್ದು ನಿಜ. ಆದರೆ ಅಪ್ಪನ ಕಟ್ಟಪ್ಪಣೆಯೊಂದಿತ್ತು. ಹಳೆಯ ಬೋರ್ಡನ್ನು ಮತ್ತೆ ಬರೆಯುವಾಗ ಬರೆದವನ ತಪ್ಪನ್ನೂ ತಿದ್ದಬಾರದು, ಇದ್ದದ್ದನ್ನು ಇದ್ದ ಹಾಗೆ ಇಳಿಸಬೇಕು. ಸತ್ತವನ ಕೈಯನ್ನು ತಿದ್ದಲು ನಾವು ಯಾರು ಎನ್ನುತ್ತಿದ್ದ ಮೌಲಾಲಿ.

ಅವಳು ಚೀಲದಿಂದ ಒಂದು ಝೆರಾಕ್ಸ್ ಹಾಳೆ ತೆಗೆದಳು. ಸ್ಪರ್ಧೆಗೆ ಬಂದವರಿಗೆಲ್ಲ ಪ್ರತಾಪನೇ ಹಂಚಿದ್ದ ಮಾದರಿ, ಆ ಹಳೆಯ ಮುಖಪುಟದ ಪ್ರತಿ.

"ಅದ್ಯಾಕ ಈಗ? ಇಡ್ರಿ ಒಳಗ," ಎಂದ ಪ್ರತಾಪ. ಕೈ ಚಾಚಿದ.

ಅವನಿಗಿಂತ ಮೊದಲು ನಿರುಪಮಾ ಹಾಳೆಯನ್ನು ಎಳೆದುಕೊಂಡರು. ಕೆಂಪು ಸುತ್ತುಗಳ ಪಕ್ಕಕ್ಕೇ ಇಟ್ಟು, ಮಾದರಿಯಲ್ಲಿದ್ದ ಅದೇ ಹೂವಿನ ಎಸಳನ್ನು ಬೆರಳಿಟ್ಟು ಎಣಿಸಿದರು. ಒಂದು, ಎರಡು, ಮೂರು, ನಾಲ್ಕು, ಐದು. ಬಳ್ಳಿಯ ಹಿಂದೆ ಬೆರಳು ಹೋಗಿ, ದಾರಿ ಕಾಣದೆ ನಿಂತಿತು. ಗಿಳಿಯ ಕಾಲನ್ನು ಎರಡೆರಡು ಸಲ ಎಣಿಸಿ ಕನ್ನಡಕ ತೆಗೆದರು.

"ಪ್ರತಾಪ, ನೂರು ವರ್ಷದ ಹಿಂದ ಆ ಯಂತ್ರ ಎಲ್ಲಿತ್ತಪಾ?"