ಮಕ್ಕಳ ಕೊಲ್ಲಿ

“ತೆಂಗಿನಮರದಷ್ಟೆತ್ತರದ ಅಲೆ ಮೇಲೆ ನಿಂತು ಬಂದವಳು ಕಣೇ ನಾನು! ಸರಿ, ಅರ್ಧ ಸುಳ್ಳು. ಅಲೆ ಇದ್ದದ್ದು ಮಾತ್ರ ನಿಜ,” ಎನ್ನುತ್ತಾ ಅಜ್ಜಿ ಸರ್ಫಿಂಗ್ ಹಲಗೆಯ ಮೇಲೆ ಬೋರಲಾಗಿ ಮಲಗಿದಳು. ಅಲೆ ಸವಾರಿ ಕಲಿಸುವುದೇ ಕಸುಬಾದ ಮೊಮ್ಮಗಳು ಸೊಂಟದವರೆಗಿನ ನೀರಿನಲ್ಲಿ ನಿಂತು ಹಲಗೆಯನ್ನು ಬಿಗಿಯಾಗಿ ಹಿಡಿದಿದ್ದಳು.

ಬೆಳಗಿನಿಂದ ಅವಳು ಒಂದೊಂದೇ ತೀರ ತೋರಿಸಿದ್ದಳು. ಬಂಡೆಗಳ ತೀರ ನೋಡಿ ಅಜ್ಜಿ, “ಇದೇನು ಮೊಸಳೆ ಬಾಯಾ?” ಎಂದಿದ್ದಳು. ಎಲ್ಲರೂ ಹೊಗಳುವ ಉದ್ದನೆಯ ತೀರದಲ್ಲಿ, “ಇಲ್ಲಿ ಮೀನಿಗಿಂತ ಜನಾನೇ ಜಾಸ್ತಿ,” ಎಂದು ಮೂಗು ಮುರಿದಿದ್ದಳು. ಕೊನೆಗೆ, ಪುಟ್ಟ ಮಕ್ಕಳು ಕಲಿಯುವ ಈ ಕೊಲ್ಲಿಯೇ ಬೇಕೆಂದು ಹಟ ಹಿಡಿದಳು.

“ಇಲ್ಲಿನ ಅಲೆಗೆ ಇರುವೆನೂ ಹೆದರಲ್ಲ ಅಜ್ಜಿ.”

“ನಿಮ್ಮಜ್ಜ ನನ್ನನ್ನ ನೀರಿಗಿಳಿಸಿದ್ದು ಇಲ್ಲೇ ಕಣೇ. ಹೀಗೇ ಹಲಗೆ ಹಿಡ್ಕೊಂಡು, ‘ಬಿಡ್ಲೇನೇ? ಎದ್ದು ನಿಲ್ತೀಯಾ?’ ಅಂತ ಕೇಳೋರು. ‘ಬಿಟ್ರೆ ತವರಿಗೆ ಹೊರಟುಹೋಗ್ತೀನಿ’ ಅಂತಿದ್ದೆ. ಪಾಪ, ಕೊನೇವರೆಗೂ ಬಿಡ್ಲೇ ಇಲ್ಲ.”

ಬೆನ್ನ ಹಿಂದೆ ಅಲೆಯೊಂದು ಉಬ್ಬಿ ಬರುತ್ತಿತ್ತು. ಮೊಮ್ಮಗಳು ಅದನ್ನೊಮ್ಮೆ, ಅಜ್ಜಿಯ ಒದ್ದೆ ಬಿಳಿಗೂದಲನ್ನೊಮ್ಮೆ ನೋಡಿದಳು. “ಬಿಡ್ಲಾ ಅಜ್ಜಿ?” ಎಂದು ಮೆಲ್ಲಗೆ ಕೇಳಿದಳು.

ಅಜ್ಜಿ ತಿರುಗಿ ನೋಡಲಿಲ್ಲ. ಹಲಗೆಯ ಅಂಚನ್ನು ಕಚ್ಚಿ ಹಿಡಿದಿದ್ದ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿ, ಎದ್ದು ನಿಲ್ಲಲು ಸಜ್ಜಾದವಳಂತೆ ಎರಡೂ ಅಂಗೈಗಳನ್ನು ಎದೆಯ ಪಕ್ಕಕ್ಕೆ ಊರಿದಳು.

“ಈಗ ಏನಂತೀನಿ, ನೀನೇ ಹೇಳು ನೋಡೋಣ?”